ದಾಖಲೆ ತೋರಿಸುವ ಪುಟ ಕಟ್ಟುವ ಅಣ್ಣನ ಮಗಳಿಗೆ ಕಾಕಾನ ಕಿವಿಮಾತು

ಯವ್ವಾ, ರೈತರ ಸಂಘದವರು ತಮ್ಮ ಸದಸ್ಯರ ಲೆಕ್ಕವನ್ನೆಲ್ಲ ವೆಬ್ ಪುಟದಲ್ಲಿ ತೋರಿಸುವ ಕೆಲಸ ನಿನಗೆ ಒಪ್ಪಿಸಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಸದಸ್ಯರಿದ್ದಾರಂತೆ. ಊರು, ಸರ್ವೆ ನಂಬರು, ಬೆಳೆ, ಮಾರಿದ ಮಾಲು, ಜಮಾ ಆದ ದುಡ್ಡು, ಇಷ್ಟೂ ಡೇಟಾಬೇಸಿನಲ್ಲಿರುತ್ತದೆ. ಕೇಳಿದವರಿಗೆ ಪರದೆ ಮೇಲೆ ಬರಬೇಕು. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಎರಡನ್ನೂ ಕಾಲೇಜಿನಲ್ಲಿ ಕಲಿತಿದ್ದೀ. ಕಲಿಸುವವರ ಲೆಕ್ಕದಲ್ಲಿ ಇದು ನಾಲ್ಕು ಹೆಜ್ಜೆಯ ಕೆಲಸ: ಸಂಪರ್ಕ ಜೋಡಿಸು, ಕ್ವೆರಿ ಕಳಿಸು, ಬಂದ ಸಾಲುಗಳನ್ನು ಒಂದೊಂದಾಗಿ ಓದು, ಟೇಬಲ್ ಟ್ಯಾಗಿನೊಳಗೆ ಹಾಕು. ಅದು ಖರೇನೇ. ಆ ನಾಲ್ಕು ಹೆಜ್ಜೆಯನ್ನು ನಾನು ಹೇಳಿಕೊಡಬೇಕಿಲ್ಲ. ನಮ್ಮ ಸೀಮೆಯ ಊರು, ಹೆಸರು, ಅಳತೆಗಳು ಆ ದಾರಿಯಲ್ಲಿ ಎಲ್ಲೆಲ್ಲಿ ಎಡವುತ್ತವೆ ಎಂಬುದಷ್ಟೇ ನನ್ನ ಮಾತು. ಪುಟ ತಪ್ಪು ತೋರಿಸಿತೆಂದು ಜನ ಬೈಯುವ ಕಡೆಯಲ್ಲೆಲ್ಲ, ತಪ್ಪು ಪುಟದಲ್ಲಿರುವುದು ಕಡಿಮೆ; ದಾಖಲೆ ಇಟ್ಟ ರೀತಿಯಲ್ಲೋ, ಅದನ್ನು ಕೇಳಿದ ರೀತಿಯಲ್ಲೋ ಇರುತ್ತದೆ.

• ಶುರು ಮಾಡುವ ಮುಂಚೆ ಭೂಮಿ ಯೋಜನೆಯನ್ನು ಒಮ್ಮೆ ಓದಿಕೋ. ನೀನು ಹುಟ್ಟುವ ಹೊತ್ತಿಗೆ ಪಹಣಿ ಎಂದರೆ ತಲಾಟಿಯ ದಫ್ತರದಲ್ಲಿದ್ದ ಕೈಬರಹದ ಕಾಗದ. ಆತ ಸಿಕ್ಕಾಗ, ಆತನ ಮನಸ್ಸು ಒಲಿದಾಗ ನಕಲು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿಯ ತಂತ್ರಾಂಶದಲ್ಲಿ, ಸುಮಾರು 67 ಲಕ್ಷ ಖಾತೆದಾರರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಆಗಿನ 177 ತಾಲ್ಲೂಕು ಕೇಂದ್ರಗಳಲ್ಲಿ ಕಿಯಾಸ್ಕ್ ತೆರೆದು 15 ರೂಪಾಯಿಗೆ ಒಂದು ಪ್ರತಿ ಕೊಟ್ಟರು. ಆ ಕಿಯಾಸ್ಕಿನ ಒಂದು ಸಂಗತಿ ನೀನು ನೆನಪಿಟ್ಟುಕೊಳ್ಳಬೇಕಾದ್ದು. ಅಲ್ಲಿ ಎರಡು ಪರದೆ ಇರುತ್ತಿದ್ದವು. ಒಂದು ಆಪರೇಟರನ ಕಡೆಗೆ, ಇನ್ನೊಂದು ಕಿಟಕಿಯಾಚೆ ನಿಂತ ರೈತನ ಕಡೆಗೆ ತಿರುಗಿಸಿಟ್ಟದ್ದು. ಒಳಗೆ ಏನು ಒತ್ತಿದರು, ಯಾರ ಹೆಸರು ಬಂತು, ಯಾವ ಸರ್ವೆ ನಂಬರು ತೆಗೆದರು ಎಂಬುದು ಹೊರಗಿನವನಿಗೂ ಕಾಣುತ್ತಿತ್ತು. ತಪ್ಪಿದ್ದರೆ ಅಲ್ಲೇ ಕೂಗಿ ಹೇಳುತ್ತಿದ್ದ. ನೀನು ಕಟ್ಟುವ ಪುಟ ಆ ಎರಡನೆಯ ಪರದೆ. ಸಂಘದ ಕಾರ್ಯದರ್ಶಿಗೆ ಚಂದ ಕಾಣಲೆಂದು ಕಟ್ಟಬೇಡ. ತನ್ನ ಲೆಕ್ಕ ತಾನು ತಾಳೆ ನೋಡುವವನಿಗೆ ಕಟ್ಟು.

• ಹಾಗಾಗಿ ಟೇಬಲ್ ಮಾಡುವ ಮುಂಚೆ ಪ್ರಶ್ನೆಗಳನ್ನು ಬರೆದುಕೋ, ಕಾಗದದ ಮೇಲೆ, ಕನ್ನಡದಲ್ಲಿ. ‘ನನ್ನ ತೊಗರಿ ದುಡ್ಡು ಬಂತೇನು?’ ‘ನಮ್ಮೂರಿನವರು ಎಷ್ಟು ಚೀಲ ಹಾಕಿದರು?’ ‘ಹೋದ ವರ್ಷ ನಂದು ಎಷ್ಟಿತ್ತು?’ ಒಂದೊಂದು ಪ್ರಶ್ನೆಗೆ ಒಂದೊಂದು ಕ್ವೆರಿ. ಯಾರೂ ಕೇಳದ ಪ್ರಶ್ನೆಗೆ ಪುಟ ಮಾಡುವ ಚಟ ನಮ್ಮ ಕಸುಬಿನಲ್ಲಿ ಬಹಳ. ಡ್ಯಾಶ್‌ಬೋರ್ಡು, ಬಣ್ಣದ ಗ್ರಾಫು. ಅಧ್ಯಕ್ಷರು ಉದ್ಘಾಟನೆಯ ದಿನ ನೋಡುತ್ತಾರೆ, ಮರುದಿನ ಮರೆಯುತ್ತಾರೆ.

• ಊರು ಆರಿಸುವ ಪಟ್ಟಿಗಳನ್ನು ಭೂಮಿಯಲ್ಲಿದ್ದಂತೆಯೇ ಇಡು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರು, ಸರ್ನೋಕ್, ಹಿಸ್ಸಾ. ನಮ್ಮ ಜನಕ್ಕೆ ಈ ಸರದಿ ಬೆರಳಿಗೆ ಅಂಟಿದೆ. ಒಂದನ್ನು ಆರಿಸಿದ ಮೇಲೆ ಮುಂದಿನದು ತುಂಬಬೇಕು; ಕುಷ್ಟಗಿ ಒತ್ತಿದರೆ ಹನುಮಸಾಗರ, ತಾವರಗೇರಾ ಬರಬೇಕೇ ಹೊರತು ಜಿಲ್ಲೆಯ ಊರೆಲ್ಲ ಒಂದೇ ಪಟ್ಟಿಯಲ್ಲಿ ಬಂದು ಬೀಳಬಾರದು. ಪ್ರತಿ ಆಯ್ಕೆಗೂ ಸರ್ವರಿಗೆ ಒಂದು ಸಣ್ಣ ಕ್ವೆರಿ ಹೋಗುತ್ತದೆ, ಹೋಗಲಿ. ಅಜ್ಜನೊಬ್ಬ ಸಣ್ಣ ಫೋನಿನಲ್ಲಿ ಹೆಬ್ಬೆರಳಿನಿಂದ ನೂರಾರು ಊರು ಸರಿಸುವುದಕ್ಕಿಂತ ಅದು ಚಲೋ.

• ಪ್ರತಿ ಸದಸ್ಯನ ಸಾಲಿನಲ್ಲೂ ‘ಯಲಬುರ್ಗಾ ತಾಲ್ಲೂಕು’ ಎಂದು ಅಕ್ಷರದಲ್ಲಿ ಬರೆದಿಡಬೇಡ. ಯಾಕೆಂದರೆ ಊರು ಅಲ್ಲೇ ಇರುತ್ತದೆ, ತಾಲ್ಲೂಕು ಬದಲಾಗುತ್ತದೆ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ನಮ್ಮ ಜಿಲ್ಲೆಗೆ ಇದ್ದದ್ದು ಈ ನಾಲ್ಕೇ ತಾಲ್ಲೂಕು. 2018ರಲ್ಲಿ ಯಲಬುರ್ಗಾ ಒಡೆದು ಕುಕನೂರು ಆಯಿತು, ಗಂಗಾವತಿ ಒಡೆದು ಕಾರಟಗಿ, ಕನಕಗಿರಿ ಆದವು. ತಾಲ್ಲೂಕಿನ ಹೆಸರನ್ನು ಸಾವಿರಾರು ಸಾಲುಗಳಲ್ಲಿ ಬರೆದಿಟ್ಟವರಿಗೆ ಆಗ ಸಾವಿರಾರು ಸಾಲು ತಿದ್ದುವ ಕೆಲಸ ಬಿತ್ತು. ಅರ್ಧ ತಿದ್ದಿ ಅರ್ಧ ಉಳಿದವರ ಪುಟದಲ್ಲಿ ಒಂದೇ ಊರು ಎರಡು ತಾಲ್ಲೂಕಿನ ಕೆಳಗೆ ಕೂತಿತು. ಸದಸ್ಯನ ಸಾಲಿನಲ್ಲಿ ಗ್ರಾಮದ ಸಂಕೇತ ಸಂಖ್ಯೆ ಮಾತ್ರ ಇರಲಿ. ಗ್ರಾಮಗಳ ಟೇಬಲ್ ಬೇರೆ, ಹೋಬಳಿಯದು ಬೇರೆ, ತಾಲ್ಲೂಕಿನದು ಬೇರೆ. ತೋರಿಸುವಾಗ ಜಾಯಿನ್ ಮಾಡು. ಸಂಕೇತ ನೀನೇ ಹುಟ್ಟಿಸಬೇಕಿಲ್ಲ, ಕೇಂದ್ರ ಸರ್ಕಾರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ದೇಶದ ಪ್ರತಿ ಗ್ರಾಮಕ್ಕೂ ಒಂದು ನಂಬರಿದೆ. ಅದನ್ನೇ ತಗೊ. ಇನ್ನೊಂದು: ಗ್ರಾಮ ಮತ್ತು ತಾಲ್ಲೂಕಿನ ನಂಟಿಗೆ ‘ಯಾವಾಗಿನಿಂದ’, ‘ಯಾವಾಗಿನವರೆಗೆ’ ಎಂಬ ಎರಡು ತಾರೀಖಿನ ಕಾಲಂ ಇಡು. 2015ರ ರಸೀದಿಯನ್ನು ಈಗ ತೆಗೆದರೆ ಅದರಲ್ಲಿ ಯಲಬುರ್ಗಾ ಎಂದೇ ಬರಬೇಕು, ಕುಕನೂರು ಎಂದಲ್ಲ. ರೈತನ ಕೈಯಲ್ಲಿರುವ ಕಾಗದಕ್ಕೂ ನಿನ್ನ ಪರದೆಗೂ ತಾಳೆಯಾಗದಿದ್ದರೆ ಆತ ಕಾಗದವನ್ನೇ ನಂಬುತ್ತಾನೆ. ನಂಬಬೇಕಾದ್ದೂ ಅದನ್ನೇ.

• ಊರಿನ ಹೆಸರಿನ ಮೇಲೆ ಜಾಯಿನ್ ಮಾಡುವ ಆಸೆಯಾದಾಗ ಮಂಗಳೂರನ್ನು ನೆನೆ. ನಮ್ಮಲ್ಲೂ ಒಂದು ಮಂಗಳೂರಿದೆ, ಹಳೆಯ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ್ದು. ಪಿನ್‌ಕೋಡ್ ಪಟ್ಟಿಯನ್ನೋ ನಕ್ಷೆಯನ್ನೋ ಹೆಸರಿನಿಂದ ಹೊಂದಿಸಿದರೆ ಎರಿ ಹೊಲದ ಕಡಲೆ ಬೆಳೆಗಾರ ಸಮುದ್ರದ ದಂಡೆಗೆ ಹೋಗಿ ಕೂರುತ್ತಾನೆ. ಕೊಪ್ಪಳ ತಾಲ್ಲೂಕಿನಲ್ಲಿ ಹಿರೇಸಿಂದೋಗಿ ಇದೆ, ಚಿಕ್ಕಸಿಂದೋಗಿಯೂ ಇದೆ. ‘ಸಿಂದೋಗಿ’ ಎಂದು ಅರ್ಧ ಪದ ಕೊಟ್ಟು ಹುಡುಕಿದರೆ ಎರಡೂ ಬರುತ್ತವೆ. ಬರಲಿ, ಆದರೆ ಎರಡರ ಲೆಕ್ಕವನ್ನು ಕೂಡಿಸಿ ಒಂದೇ ಮೊತ್ತ ತೋರಿಸಬೇಡ.

• ಮನುಷ್ಯರ ಹೆಸರಿನದು ಇನ್ನೂ ದೊಡ್ಡ ಫಜೀತಿ. ಗವಿಮಠದ ಸೀಮೆಯಲ್ಲಿ ಗವಿಸಿದ್ದಪ್ಪನಿಲ್ಲದ ಮನೆ ಅಪರೂಪ, ಹುಲಿಗಿ ಸುತ್ತಲಿನ ಊರಲ್ಲಿ ಹುಲಿಗೆಮ್ಮ, ಹುಲಗಪ್ಪ. ಒಂದೇ ಊರಲ್ಲಿ ಹೆಸರು, ತಂದೆ ಹೆಸರು, ಅಡ್ಡಹೆಸರು ಮೂರೂ ಒಂದೇ ಆಗಿರುವ ಇಬ್ಬರು ಸಿಗುತ್ತಾರೆ, ಅಜ್ಜನ ಹೆಸರನ್ನೇ ಮೊಮ್ಮಕ್ಕಳಿಗೆಲ್ಲ ಇಡುವ ಮನೆತನಗಳಲ್ಲಿ ಖಂಡಿತ. ಪ್ರತಿ ಸದಸ್ಯನಿಗೂ ಒಂದು ಸಂಖ್ಯೆ ಇರಲಿ. ಪುಟದ ಕೊಂಡಿ ಆ ಸಂಖ್ಯೆಯ ಮೇಲೆ ನಡೆಯಲಿ. ಹೆಸರಿನಿಂದ ಹುಡುಕಿದಾಗ ಐದು ಮಂದಿ ಬಂದರೆ ಐದೂ ತೋರಿಸಿ, ಪಕ್ಕದಲ್ಲಿ ಊರು ಮತ್ತು ತಂದೆ ಅಥವಾ ಗಂಡನ ಹೆಸರು ಹಾಕಿ, ಆರಿಸಲು ಬಿಡು. ‘ಮೊದಲು ಸಿಕ್ಕವನನ್ನು ತಗೊ’ ಎಂದು ಕೋಡ್ ಬರೆಯುವುದು ಬಹಳ ಸಲೀಸು. ಒಬ್ಬನ ದುಡ್ಡು ಇನ್ನೊಬ್ಬನ ಹೆಸರಲ್ಲಿ ಕಾಣುವುದೂ ಅಷ್ಟೇ ಸಲೀಸು.

• ಕನ್ನಡ ಅಕ್ಷರದ ವಿಷಯಕ್ಕೆ ಬಾ. ಯೂನಿಕೋಡ್ ಸರಿಯಾಗಿ ಬರಬೇಕಾದರೆ ಮೂರು ಕಡೆ ಒಂದೇ ಮಾತು ಹೇಳಬೇಕು: ಟೇಬಲಿಗೆ, ಸಂಪರ್ಕಕ್ಕೆ, ಪುಟದ ತಲೆಗೆ. ಟೇಬಲಿನಲ್ಲಿ ಯುಟಿಎಫ್8ಎಂಬಿ4 ಇಟ್ಟು ಸಂಪರ್ಕಕ್ಕೆ ಹೇಳದೆ ಬಿಟ್ಟವರ ಪುಟದಲ್ಲಿ ಗಂಗಾವತಿ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳು ಸಾಲಾಗಿ ನಿಲ್ಲುತ್ತವೆ. ಅದರಲ್ಲೂ ಕೆಟ್ಟದ್ದೆಂದರೆ, ಬರೆಯುವಾಗಲೇ ಪ್ರಶ್ನಾರ್ಥಕವಾಗಿ ಒಳಗೆ ಹೋಗಿದ್ದರೆ ಮತ್ತೆ ತೆಗೆಯಲಾಗದು. ಮೂಲ ಕಾಗದ ಹುಡುಕಿ ಮತ್ತೆ ಟೈಪ್ ಮಾಡಬೇಕು. ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟು. ‘ಗಂಗಾವತಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಕಂಪ್ಯೂಟರಿಗೆ ಏಳು ಚಿಹ್ನೆ, 21 ಬೈಟು. ಉದ್ದದ ಊರ ಹೆಸರನ್ನು ಜಾಗ ಸಾಲದೆಂದು ಪಿಎಚ್‌ಪಿಯಲ್ಲಿ ಬೈಟಿನ ಲೆಕ್ಕದಿಂದ ಕತ್ತರಿಸಿದರೆ ಹಿರೇವಂಕಲಕುಂಟಾದ ಬಾಲದಲ್ಲಿ ಮುರಿದ ಅಕ್ಷರದ ಗುರುತು ಕಾಣಬಹುದು. ಕತ್ತರಿಸಲೇಬೇಡ, ಎರಡನೆಯ ಸಾಲಿಗೆ ಇಳಿಯಲಿ ಬಿಡು.

• ನಮ್ಮ ಜಿಲ್ಲೆಯ ಹೆಸರಿನಲ್ಲೇ ಒಂದು ಮರೆಯ ಗುಂಡಿಯಿದೆ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಪರದೆ ಮೇಲೆ ಎರಡೂ ‘ಕೊಪ್ಪಳ’ವೇ. ಆದರೆ ಬೈಟು ಬೈಟು ಹೋಲಿಸುವ ಡೇಟಾಬೇಸಿಗೆ ಅವು ಬೇರೆ ಬೇರೆ ಊರು. ಹಳೆಯ ಕಡತದಿಂದ ಬಂದ ಕೊಪ್ಪಳ, ಫೋನಿನಲ್ಲಿ ಒತ್ತಿದ ಕೊಪ್ಪಳ ಒಂದಕ್ಕೊಂದು ಸಿಗದೆ ಹೋದಾಗ ಎರಡನ್ನೂ ಕಣ್ಣಿನಿಂದ ಎಷ್ಟು ನೋಡಿದರೂ ವ್ಯತ್ಯಾಸ ತಿಳಿಯದು. ಒಳಗೆ ಬರುವ ಪ್ರತಿ ಪದವನ್ನೂ, ದಾಖಲೆಯಿರಲಿ ಹುಡುಕಾಟದ ಪದವಿರಲಿ, ಎನ್‌ಎಫ್‌ಸಿ ರೂಪಕ್ಕೆ ತಂದೇ ಮುಂದೆ ಬಿಡು. ‘ಯಲಬುರ್ಗಾ’ದ ಅರ್ಕಾವತ್ತಿನ ಹತ್ತಿರ ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳು ಅಡಗಿರುತ್ತವೆ, ಹುಡುಕುವ ಕಾಲಂನಲ್ಲಿ ಅವನ್ನು ತೆಗೆದುಹಾಕು, ತೋರಿಸುವ ಕಾಲಂನಲ್ಲಿ ಇರಲಿ.

• ಸಂಘದ ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾಗಿದ್ದರೆ ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದ್ದು. ಫಾಂಟ್ ತೆಗೆದರೆ ಕೊಂಬು ಬಾಲದ ಲ್ಯಾಟಿನ್ ಅಕ್ಷರಗಳ ಕಸ ಕಾಣುತ್ತದೆ. ಪರಿವರ್ತಕಗಳಿವೆ, ಬಳಸು. ಬಳಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನಾದರೂ ಕಣ್ಣಾರೆ ಓದು. ಅದಕ್ಕೆ ಒಂದು ವಾರ ಕೇಳು, ಸಂಘದವರು ಎರಡು ದಿನ ಕೊಡುತ್ತಾರೆ.

• ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಜಮೀನಿನ ಅಳತೆ. ಪಹಣಿಯಲ್ಲಿ ‘1.20’ ಎಂದಿದ್ದರೆ ಅದು ಒಂದೂ ಕಾಲಿಗೆ ಹತ್ತಿರದ ಎಕರೆಯಲ್ಲ. ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ನೀನು ಆ ಕಾಲಂ ಅನ್ನು ದಶಮಾಂಶ ಎಂದು ಘೋಷಿಸಿದರೆ ಮೈಎಸ್‌ಕ್ಯೂಎಲ್ ಬಾಯಿಮುಚ್ಚಿ ಒಪ್ಪಿಕೊಳ್ಳುತ್ತದೆ. ಒಬ್ಬ ರೈತನಿಗೆ ಎರಡು ಹೊಲ: 1.20 ಮತ್ತು 1.30. ಮೊತ್ತ ಕೇಳಿದರೆ 2.50 ಎನ್ನುತ್ತದೆ. ಐವತ್ತು ಗುಂಟೆ ಎಂಬುದೇ ಇಲ್ಲ. ಅದರಲ್ಲಿ ನಲವತ್ತು ಗುಂಟೆ ಒಂದು ಎಕರೆಯಾಗಿ ಹೋಗಿ ಹತ್ತು ಗುಂಟೆ ಉಳಿಯಬೇಕು. ಸರಿಯಾದ ಉತ್ತರ 3 ಎಕರೆ 10 ಗುಂಟೆ. ಇದನ್ನು ಕಂಪ್ಯೂಟರ್ ತಪ್ಪೆಂದು ಹೇಳದು, ಎರರ್ ಬಾರದು, ಪುಟ ಅಂದವಾಗಿಯೇ ತೆರೆಯುತ್ತದೆ. ಯಲಬುರ್ಗಾದ ಕಟ್ಟೆ ಮೇಲೆ ಕೂತ ಯಾವ ಹಿರಿಯನಾದರೂ ಒಂದು ಕ್ಷಣದಲ್ಲಿ ಹಿಡಿಯುತ್ತಾನೆ, ನಿನ್ನ ಉಳಿದ ಲೆಕ್ಕವನ್ನೂ ಆಮೇಲೆ ನಂಬುವುದಿಲ್ಲ. ಎಲ್ಲವನ್ನೂ ಆಣೆಗೆ ಇಳಿಸಿ ಪೂರ್ಣಾಂಕವಾಗಿ ಒಂದೇ ಕಾಲಂನಲ್ಲಿಡು. ಕೂಡಿಸುವುದು, ಕಳೆಯುವುದು ಆಣೆಯಲ್ಲೇ ಆಗಲಿ. ತೋರಿಸುವ ಹೊತ್ತಿಗೆ ಎಕರೆ, ಗುಂಟೆ, ಆಣೆ ಎಂದು ಬಿಡಿಸಿ ಬರೆ. ಚುಕ್ಕೆ ಹಾಕಬೇಡ.

• ಸರ್ವೆ ನಂಬರು ಸಂಖ್ಯೆಯಲ್ಲ, ಅಕ್ಷರ. 45/2 ಇದೆ, ಹಿಸ್ಸಾಕ್ಕೆ ಅ, ಬ ಎಂದು ಬರೆದದ್ದೂ ಇದೆ, ಸರ್ನೋಕ್ ಇಲ್ಲದ ಕಡೆ ನಕ್ಷತ್ರದ ಗುರುತಿದೆ. ಎಕ್ಸೆಲ್ ಮೂಲಕ ಬಂದ ಪಟ್ಟಿಯಾದರೆ ಮೊದಲು ಈ ಕಾಲಂ ನೋಡು: 5/2 ಎಂಬ ಹೊಲವನ್ನು ಎಕ್ಸೆಲ್ ತಾನಾಗಿ ತಾರೀಖು ಮಾಡಿ, ಫೆಬ್ರುವರಿ 5 ಎಂದೋ ಮೇ 2 ಎಂದೋ ಬದಲಿಸಿಟ್ಟಿರುತ್ತದೆ. 45/2 ಉಳಿದಿರುತ್ತದೆ, 5/2 ಹೋಗಿರುತ್ತದೆ, ಹಾಗಾಗಿ ಮೇಲಿನ ಹತ್ತು ಸಾಲು ನೋಡಿ ಸರಿಯಿದೆ ಎನ್ನಬೇಡ.

• ಅಳತೆಯ ಪಕ್ಕದಲ್ಲಿ ಅದರ ಮಾನ ಬರೆದಿಡು. ಗಂಗಾವತಿ, ಕಾರಟಗಿ ಕಡೆ ಭತ್ತದ ಚೀಲವೆಂದರೆ 75 ಕಿಲೋ. ದರದ ಪಟ್ಟಿ ಮಾತ್ರ ಕ್ವಿಂಟಲಿನಲ್ಲಿ. 40 ಚೀಲ ಹಾಕಿದವನದು 30 ಕ್ವಿಂಟಲ್. ಬರೀ ‘40’ ಎಂದು ಕಾಲಂನಲ್ಲಿದ್ದರೆ ಪುಟ ಅದನ್ನು ಏನೆಂದು ಬೇಕಾದರೂ ತೋರಿಸುತ್ತದೆ. ಒಳಗೆ ಕಿಲೋದಲ್ಲಿಡು, ಹೊರಗೆ ಚೀಲ ಮತ್ತು ಕ್ವಿಂಟಲ್ ಎರಡೂ ತೋರಿಸು.

• ಜಾಯಿನ್ ಮಾಡುವಾಗ ಯಾರು ಉದುರಿ ಹೋದರೆಂದು ನೋಡು. ಸದಸ್ಯರ ಟೇಬಲ್ ಒಂದು, ಮಾರಾಟದ ಟೇಬಲ್ ಒಂದು. ಎರಡನ್ನೂ ಮಾಮೂಲಿ ಜಾಯಿನ್‌ನಿಂದ ಸೇರಿಸಿದರೆ ಎರಡೂ ಕಡೆ ಇದ್ದವರಷ್ಟೇ ಬರುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಗುವ ಗಂಗಾವತಿ ಕಡೆಯ ಸದಸ್ಯರು ಹೆಚ್ಚೂಕಡಿಮೆ ಎಲ್ಲರೂ ಕಾಣುತ್ತಾರೆ. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲಗಳಲ್ಲಿ ಸಜ್ಜೆ, ತೊಗರಿ ಕೈಕೊಟ್ಟ ವರ್ಷ ಏನೂ ಮಾರದವರು ಪಟ್ಟಿಯಿಂದಲೇ ಮಾಯ. ಬೆಳೆ ಹೋದವನು ಪುಟ ತೆರೆದು ನೋಡಿದರೆ ತನ್ನ ಹೆಸರೇ ಇಲ್ಲ. ಸದಸ್ಯತ್ವವನ್ನೇ ತೆಗೆದರೆಂದು ಆತ ತಿಳಿದರೆ ಯಾರನ್ನು ದೂರುತ್ತೀ? ಎಲ್ಲ ಸದಸ್ಯರೂ ಬೇಕಾದ ಕಡೆ ಲೆಫ್ಟ್ ಜಾಯಿನ್ ಬಳಸು. ಬಳಸಿದ ಮೇಲೂ ಎಚ್ಚರ: ‘2024ರ ಮಾರಾಟ’ ಎಂಬ ಷರತ್ತನ್ನು ವೇರ್ ಭಾಗದಲ್ಲಿ ಬರೆದರೆ ಲೆಫ್ಟ್ ಜಾಯಿನ್ ಮತ್ತೆ ಮಾಮೂಲಿ ಜಾಯಿನ್ ಆಗಿಬಿಡುತ್ತದೆ. ಆ ಷರತ್ತು ಆನ್ ಭಾಗದಲ್ಲಿರಬೇಕು. ಪರೀಕ್ಷೆಗೆ ಒಂದೇ ಲೆಕ್ಕ ಸಾಕು. ಸದಸ್ಯರ ಟೇಬಲಿನಲ್ಲಿ ಎಷ್ಟು ಮಂದಿಯಿದ್ದಾರೆ, ಪುಟದಲ್ಲಿ ಬೇರೆ ಬೇರೆ ಸದಸ್ಯರು ಎಷ್ಟು ಕಾಣುತ್ತಾರೆ. ಎರಡೂ ಹೊಂದಲಿಲ್ಲವೆಂದರೆ ಹೊರಗೆ ಬಿಡಬೇಡ.

• ಖಾಲಿಗೂ ಸೊನ್ನೆಗೂ ಅಂತರವಿದೆ, ನಮ್ಮಂಥ ಬರದ ನಾಡಿನಲ್ಲಿ ದೊಡ್ಡ ಅಂತರ. ಸಂಘದ ಪುಟದಲ್ಲಿ ಮಳೆ ಲೆಕ್ಕವನ್ನೂ ಹಾಕಬೇಕೆಂದಿದ್ದರೆ, ಮಾಪಕ ಕೆಟ್ಟು ಅಂಕಿಯೇ ಬಾರದ ದಿನಕ್ಕೆ ನಲ್ ಇಡು, ಮಳೆ ಬಾರದ ದಿನಕ್ಕೆ 0 ಇಡು. ಸರಾಸರಿ ತೆಗೆಯುವಾಗ ಡೇಟಾಬೇಸು ನಲ್ ಅನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೊನ್ನೆಯನ್ನು ಹಿಡಿಯುತ್ತದೆ. ಪರದೆಯಲ್ಲಿ ನಲ್ ಬಂದ ಕಡೆ ‘ಅಂಕಿ ಬಂದಿಲ್ಲ’ ಎಂದು ಬರೆ. ದುಡ್ಡಿನ ಕಾಲಂನಲ್ಲಿ ಅಂತೂ ಇದು ಕಡ್ಡಾಯ. ‘ಇನ್ನೂ ಜಮಾ ಆಗಿಲ್ಲ’ ಎಂಬುದು ಬೇರೆ, ‘ರೂ. 0’ ಎಂಬುದು ಬೇರೆ.

• ಯಾವ ಹೊತ್ತಿನ ಲೆಕ್ಕವೆಂದು ಪುಟದ ಮೇಲೇ ಬರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋಯಿತಲ್ಲ, ಆಗ ಇಡೀ ಅಚ್ಚುಕಟ್ಟು ನೋಡುತ್ತಿದ್ದದ್ದು ಮಟ್ಟ, ಒಳಹರಿವು, ಹೊರಹರಿವು ಈ ಮೂರು ಅಂಕಿಗಳನ್ನೇ. ಪೂರ್ಣ ಮಟ್ಟ 1633 ಅಡಿ, ತುಂಬಿದರೆ 105.788 ಟಿಎಂಸಿ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಬೇಕಾದ್ದು ಈ ಗಳಿಗೆಯಲ್ಲಿ ಎಷ್ಟೆಂಬುದು. ಅಂಥ ಹೊತ್ತಿನಲ್ಲಿ ಬೆಳಗಿನ ಅಂಕಿಯನ್ನು ರಾತ್ರಿಯದೆಂದು ತಿಳಿದರೆ ಕತೆ ಮುಗಿಯಿತು. ಸರ್ವರಿನ ಗಡಿಯಾರವನ್ನೂ ನೋಡು. ಬಾಡಿಗೆ ಸರ್ವರುಗಳು ಹೆಚ್ಚಾಗಿ ಯುಟಿಸಿಯಲ್ಲಿ ನಡೆಯುತ್ತವೆ, ನಮ್ಮ ಸಮಯ ಅದಕ್ಕಿಂತ ಐದೂವರೆ ತಾಸು ಮುಂದೆ. ಆಗಸ್ಟ್ 11ರ ನಸುಕಿನ ಒಂದು ಗಂಟೆಗೆ ಬಂದ ಅಂಕಿ ಅಲ್ಲಿ ಆಗಸ್ಟ್ 10ರ ರಾತ್ರಿ ಏಳೂವರೆಯದಾಗಿ ಕೂರುತ್ತದೆ. ‘ಇಂದಿನ ದಾಖಲೆ ಕೊಡು’ ಎಂಬ ಕ್ವೆರಿಗೆ ನಮ್ಮಲ್ಲಿ ಬೆಳಗಿನ ಐದೂವರೆವರೆಗೂ ನಿನ್ನೆಯದೇ ಬರುತ್ತದೆ. ತಾರೀಖನ್ನು ಅಕ್ಷರದ ಕಾಲಂನಲ್ಲಿ ದಿನ-ತಿಂಗಳು-ವರ್ಷ ಎಂದು ಇಟ್ಟವರ ಪಾಡು ಹೇಳಬೇಕಿಲ್ಲ, ಸಾಲು ಜೋಡಿಸಿದರೆ ಎಲ್ಲ ತಿಂಗಳ ಒಂದನೇ ತಾರೀಖು ಒಟ್ಟಿಗೆ ಬರುತ್ತದೆ. ಡೇಟ್ ಮಾದರಿಯಲ್ಲಿಡು, ತೋರಿಸುವಾಗ ನಮ್ಮ ರೀತಿಗೆ ತಿರುಗಿಸು.

• ಹುಡುಕುವ ಪೆಟ್ಟಿಗೆಯಲ್ಲಿ ಜನ ಬರೆದದ್ದನ್ನು ನೇರವಾಗಿ ಕ್ವೆರಿಯ ವಾಕ್ಯಕ್ಕೆ ಅಂಟಿಸಬೇಡ. ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐ, ಯಾವುದಾದರೂ ಸರಿ, ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಇಂಟರ್ನೆಟ್ಟಿನಲ್ಲಿ ಸಿಗುವ ಹಳೆಯ ಪಾಠಗಳಲ್ಲಿರುವ ಮೈಎಸ್‌ಕ್ಯೂಎಲ್ ಫಂಕ್ಷನುಗಳು 2015ರ ಪಿಎಚ್‌ಪಿ 7ರಲ್ಲೇ ತೆಗೆದುಹಾಕಿದವು, ಅವನ್ನು ನಕಲು ಮಾಡಬೇಡ. ಪುಟಕ್ಕೆಂದು ಬೇರೆ ಡೇಟಾಬೇಸ್ ಬಳಕೆದಾರನನ್ನು ಮಾಡಿ ಓದುವ ಹಕ್ಕು ಮಾತ್ರ ಕೊಡು. ಹೊರಗೆ ತೋರಿಸುವ ಪ್ರತಿ ಪದವನ್ನೂ ಎಚ್‌ಟಿಎಂಎಲ್ ಎಸ್ಕೇಪ್ ಮಾಡು, ವಿಳಾಸದ ಕಾಲಂನಲ್ಲಿ ಯಾರೋ ಸ್ಕ್ರಿಪ್ಟ್ ಟ್ಯಾಗು ತುರುಕಿರಬಹುದು. ಇಷ್ಟು ನಿನ್ನ ಮೇಷ್ಟ್ರೂ ಹೇಳಿರುತ್ತಾರೆ.

• ಸೆಲೆಕ್ಟ್ ಬರೆದು ಪಕ್ಕದಲ್ಲಿ ನಕ್ಷತ್ರ ಹಾಕುವ ಸೋಮಾರಿತನ ಬಿಡು. ಆ ಟೇಬಲಿನಲ್ಲಿ ಆಧಾರದ 12 ಅಂಕಿಯೂ ಇದೆ, ಬ್ಯಾಂಕಿನ ಖಾತೆಯೂ ಇದೆ, ಮನೆ ಹೆಣ್ಣುಮಕ್ಕಳ ಫೋನ್ ನಂಬರೂ ಇದೆ. ಪರದೆ ಮೇಲೆ ತೋರಿಸದಿದ್ದರೇನಾಯಿತು, ಜೇಸನ್ ಆಗಿ ಬ್ರೌಸರಿಗೆ ಬಂದಿದ್ದರೆ ಬಲಗುಂಡಿ ಒತ್ತಿ ನೋಡಬಲ್ಲ ಯಾವ ಹುಡುಗನಿಗೂ ಸಿಗುತ್ತದೆ. ಬೇಕಾದ ಕಾಲಂನ ಹೆಸರನ್ನೇ ಒಂದೊಂದಾಗಿ ಬರೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿದೆ, ಅದು ನಾಳೆ ಸಂಘದ ಕುತ್ತಿಗೆಗೆ ಬಂದರೆ ಕಾರ್ಯದರ್ಶಿ ನಿನ್ನ ಕಡೆಗೇ ಬೆರಳು ಮಾಡುತ್ತಾರೆ. ಕೊಂಡಿಯಲ್ಲಿರುವ ಸದಸ್ಯ ಸಂಖ್ಯೆ 101ನ್ನು 102 ಮಾಡಿದ ಕೂಡಲೇ ಪಕ್ಕದ ಮನೆಯವನ ಸಾಲ ಕಾಣುವಂತಿದ್ದರೆ ಪುಟ ಕಟ್ಟದೇ ಇರುವುದು ಒಳ್ಳೆಯದು. ಯಾರು ಕೇಳುತ್ತಿದ್ದಾರೆ ಎಂಬುದನ್ನು ಪ್ರತಿ ಕ್ವೆರಿಯಲ್ಲೂ ಷರತ್ತಾಗಿ ಸೇರಿಸು, ಲಾಗಿನ್ ಪುಟ ಇದೆಯಲ್ಲ ಎಂದು ಸುಮ್ಮನಾಗಬೇಡ.

• ಸಾಲಿನ ಸರದಿಯನ್ನು ನೀನೇ ಹೇಳಬೇಕು. ಆರ್ಡರ್ ಬೈ ಇಲ್ಲದೆ ಬಂದ ಸರದಿಗೆ ಅರ್ಥವಿಲ್ಲ, ಇಂದಿನದು ನಾಳೆ ಇರದು. ಭೂಮಿಯಲ್ಲಿ ಮ್ಯುಟೇಶನ್ ಅರ್ಜಿಗಳನ್ನು ಮೊದಲು ಬಂದವನಿಗೆ ಮೊದಲು ಎಂಬ ಸರದಿಯಲ್ಲೇ ಮುಂದೆ ಬಿಡುವಂತೆ ತಂತ್ರಾಂಶ ಕಟ್ಟಿದ್ದರು, ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು. ಬೇಕಾದವನ ಅರ್ಜಿ ಮೇಲೆ ತೆಗೆಯುವ ಆಟ ಅಲ್ಲಿಗೆ ಕಷ್ಟವಾಯಿತು. ನಿನ್ನ ಪುಟದಲ್ಲಿ ದುಡ್ಡು ಪಾವತಿಯ ಪಟ್ಟಿ ಇದ್ದರೆ ಸರದಿ ಸಂಖ್ಯೆಯ ಪ್ರಕಾರವೇ ತೋರಿಸು, ಹೆಸರಿನ ಪ್ರಕಾರವಲ್ಲ. ಪುಟಕ್ಕೆ 25ರಂತೆ ಒಡೆಯುವಾಗ ಸರದಿಯ ಕೊನೆಗೆ ಸದಸ್ಯ ಸಂಖ್ಯೆಯನ್ನೂ ಸೇರಿಸು. ಸೇರಿಸದಿದ್ದರೆ, ಒಂದೇ ತಾರೀಖಿನ ಮೂವತ್ತು ಸಾಲಿದ್ದಾಗ ಕೆಲವರು ಎರಡೂ ಪುಟದಲ್ಲಿ ಬಂದು ಕೆಲವರು ಎಲ್ಲೂ ಬರುವುದಿಲ್ಲ.

• ಅಕಾರಾದಿ ಬೇಕೆಂದರೆ ಳ ಕಾರವನ್ನು ಪರೀಕ್ಷಿಸು. ಯೂನಿಕೋಡ್ ಕೋಷ್ಟಕದಲ್ಲಿ ಅದು ಲ ಆದ ಕೂಡಲೇ ಇದೆ, ನಮ್ಮ ವರ್ಣಮಾಲೆಯಲ್ಲಿ ಹ ಆದ ಮೇಲೆ. ಬೈನರಿ ಕೊಲೇಶನ್ ಇಟ್ಟರೆ ಅಳವಂಡಿಯನ್ನು ನಿಘಂಟಿನ ಲೆಕ್ಕದಲ್ಲಿ ಹುಡುಕುವವರಿಗೆ ಅದು ಬೇರೆಲ್ಲೋ ಸಿಗುತ್ತದೆ. ಕನ್ನಡದ ಸರದಿ ಬಲ್ಲ ಕೊಲೇಶನ್ ಆರಿಸಿ, ಜಿಲ್ಲೆಯ ಹಳ್ಳಿಗಳ ಪಟ್ಟಿಯನ್ನೇ ಜೋಡಿಸಿ ನೋಡು.

• ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡ. ಕೆಲವು ಸಾವಿರ ಸದಸ್ಯರ ಲೆಕ್ಕ ಮೈಎಸ್‌ಕ್ಯೂಎಲ್‌ಗೆ ಏನೂ ಅಲ್ಲ. ಗ್ರಾಮದ ಸಂಕೇತ, ಸದಸ್ಯ ಸಂಖ್ಯೆ, ತಾರೀಖು ಮೂರಕ್ಕೂ ಇಂಡೆಕ್ಸ್ ಇಡು. ಲೂಪಿನೊಳಗೆ ಕ್ವೆರಿ ಬರೆಯಬೇಡ. ಊರಿನ ಪಟ್ಟಿ ತಂದು ಒಂದೊಂದು ಊರಿಗೂ ಮತ್ತೆ ಮೊತ್ತ ಕೇಳುವ ಬದಲು ಗ್ರೂಪ್ ಬೈ ಮಾಡಿ ಒಂದೇ ಸಲಕ್ಕೆ ತಗೊ. ತೂಕ ಇಳಿಸಬೇಕಾದ್ದು ಪುಟದ್ದು. ಗವಿಮಠದ ಜಾತ್ರೆಯ ದಿನ ಕೊಪ್ಪಳದಲ್ಲಿ ಫೋನ್ ಹಿಡಿದು ನಿಂತವರಿಗೆ ಗೊತ್ತು, ಅಲ್ಲಿ ಅಕ್ಷರ ಬರುವುದೇ ಹೆಚ್ಚು, ಚಿತ್ರ ಬರುವುದಿಲ್ಲ.

• ಏನೂ ಸಿಗದಾಗ ಬಿಳಿ ಪರದೆ ತೋರಿಸಬೇಡ. ‘ಈ ಸರ್ವೆ ನಂಬರಿನಲ್ಲಿ ಸಂಘದ ದಾಖಲೆ ಇಲ್ಲ. ಹಿಸ್ಸಾ ಸರಿಯಿದೆಯೇ ನೋಡಿರಿ’ ಎಂದು ಮರ್ಯಾದೆಯಿಂದ ಬರೆ. ಸಂಪರ್ಕ ಕಡಿದರೆ ‘ಈಗ ಲೆಕ್ಕ ತೆಗೆಯಲು ಆಗುತ್ತಿಲ್ಲ, ಆಮೇಲೆ ನೋಡಿರಿ’ ಎನ್ನು. ಎರಡಕ್ಕೂ ಒಂದೇ ಮಾತು ಹೇಳಿದರೆ, ಸರ್ವರು ಕೆಟ್ಟ ದಿನ ಎಲ್ಲ ರೈತರೂ ತಮ್ಮ ದಾಖಲೆ ಅಳಿಸಿಹೋಯಿತೆಂದು ಸಂಘದ ಬಾಗಿಲಿಗೆ ಬರುತ್ತಾರೆ. ಇಂಗ್ಲಿಷಿನ ಎರರ್ ಸಂದೇಶ, ಅದರೊಳಗಿನ ಟೇಬಲ್ ಹೆಸರು, ಫೈಲಿನ ದಾರಿ ಯಾವುದೂ ಹೊರಗೆ ಕಾಣಬಾರದು. ಲಾಗ್ ಫೈಲಿಗೆ ಹೋಗಲಿ.

• ಕಡೆಯದಾಗಿ, ಹುಡುಕಿ ಸಿಗದೆ ಹೋದ ಪದಗಳನ್ನು ಒಂದು ಬೇರೆ ಟೇಬಲಿಗೆ ಬರೆದಿಡು, ಪದ ಮತ್ತು ಸಮಯ ಮಾತ್ರ, ಯಾರು ಹುಡುಕಿದರೆಂಬುದು ಬೇಡ. ಪುಟದ ಬಳಕೆದಾರನಿಗೆ ಬರೆಯುವ ಹಕ್ಕು ಈ ಒಂದು ಟೇಬಲಿಗೆ ಮಾತ್ರ ಇರಲಿ. ತಿಂಗಳಿಗೊಮ್ಮೆ ತೆಗೆದು ಓದು. ಕಿನ್ನಾಳವನ್ನು ಕಿನ್ಹಾಳ ಎಂದವರು, ಯಲಬುರ್ಗಾವನ್ನು ಯಲಬುರಗಿ ಎಂದವರು, ಹುಲಿಗೆವ್ವ ಎಂದು ಕರೆದರೂ ದಾಖಲೆಯಲ್ಲಿ ಹುಲಿಗೆಮ್ಮನಾಗಿರುವವರು, ಎಲ್ಲರೂ ಅಲ್ಲಿ ಸಿಗುತ್ತಾರೆ. ಅವರ ಕಾಗುಣಿತ ತಿದ್ದಲು ಹೋಗಬೇಡ. ಊರಿಗೂ ಹೆಸರಿಗೂ ‘ಹೀಗೂ ಬರೆಯುತ್ತಾರೆ’ ಎಂಬ ಒಂದು ಟೇಬಲ್ ಮಾಡಿ, ಆ ರೂಪಗಳನ್ನು ಅದರೊಳಗೆ ಸೇರಿಸಿ, ಹುಡುಕಾಟ ಅದರ ಮೂಲಕವೂ ಹೋಗುವಂತೆ ಜಾಯಿನ್ ಬರೆ. ಮೊದಲ ತಿಂಗಳ ಪಟ್ಟಿ ಬಂದಾಗ ನನಗೂ ಒಂದು ಪ್ರತಿ ಕಳಿಸು, ಯಲಬುರ್ಗಾ ಕಡೆಯ ಊರುಗಳಿಗೆ ಹಳಬರು ಕರೆಯುವ ಹೆಸರುಗಳನ್ನು ನಾನು ಕೂತು ತುಂಬಿಕೊಡುತ್ತೇನೆ.